ತಾತನ ಕೋವಿ, ಸರ್ಕಾರದ ಪುಸ್ತಕ

ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲವನ್ನು ಗುಂಟೆ ಲೆಕ್ಕದಲ್ಲಿ, ತೆಂಗನ್ನು ಮರದ ಲೆಕ್ಕದಲ್ಲಿ, ಬಾವಿಯ ನೀರನ್ನು ಸರದಿಯ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಅಟ್ಟದ ಮೇಲಿನ ಕೊಬ್ಬರಿಯನ್ನೂ ಪಾಲು ಮಾಡಬಹುದು. ಕೋವಿಯೊಂದನ್ನು ಮಾತ್ರ ಪಾಲು ಮಾಡಲು ಬರುವುದಿಲ್ಲ. ಪಾಲುಪಾರಿಖತ್ತಿನಲ್ಲಿ ಅದನ್ನು ಹಿರಿಯನಿಗೆ ಬರೆದರೂ ಕಿರಿಯನಿಗೆ ಬರೆದರೂ ಲೈಸೆನ್ಸು ಕೊಡುವ ಅಧಿಕಾರಿಯ ರುಜು ಬೀಳುವ ತನಕ ಅದು ಅವರ ಕೈಗೆ ಬಾರದು. ಅಲ್ಲಿಯವರೆಗೆ ಪೊಲೀಸ್ ಠಾಣೆಯ ಕೋಣೆಯಲ್ಲೋ ಲೈಸೆನ್ಸುದಾರ ವ್ಯಾಪಾರಿಯ ಬೀರುವಿನಲ್ಲೋ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ನಿಂತಿರುತ್ತದೆ. ಈಗ ಬೆಂಗಳೂರಿನಲ್ಲಿ ನೆಲೆಸಿದ ಮೊಮ್ಮಕ್ಕಳಿಗೆ ಇದ್ದಕ್ಕಿದ್ದಂತೆ ಅದರ ಮೇಲೆ ಮಮತೆ ಹುಟ್ಟಿದೆ. ತಾತನ ಕೋವಿಯನ್ನು ಮೊದಲಿನ ಹಾಗೆ ಮಾಡಿಸಬೇಕು, ನಳಿಗೆಗೆ ಪಾಲಿಶ್, ಮರಕ್ಕೆ ವಾರ್ನಿಷ್, ಸಾಧ್ಯವಾದರೆ ದಸರೆಯ ದಿನ ಒಂದು ಈಡು ಹೊಡೆಯಬೇಕು ಎಂಬ ಆಸೆ. ಆಸೆ ತಪ್ಪಲ್ಲ. ಆದರೆ ಮೊದಲಿನ ಹಾಗೆ ಎಂದರೆ ಯಾವಾಗಿನ ಹಾಗೆ? ಅಂಗಡಿಯಿಂದ ತಂದ ದಿನದ ಹಾಗೋ, ತಾತ ಅದನ್ನು ಕೊನೆಯ ಸಲ ಗೋಡೆಗೆ ಒರಗಿಸಿದ ದಿನದ ಹಾಗೋ? ಈ ಸೀಮೆಯ ಕೋವಿಗಳ ಇತಿಹಾಸ ನೋಡಿದರೆ ಎರಡನೆಯದೇ ಸರಿ ಎನ್ನಿಸುತ್ತದೆ. ನಮ್ಮ ಬಯಲುಸೀಮೆಯ ಮನೆಗಳು ಪರಂಪರೆಯಾಗಿ ಪಡೆದದ್ದು ಗುಂಡು ಹಾರಿಸುವ ಶಕ್ತಿಗಿಂತ ಹೆಚ್ಚಾಗಿ ಒಂದು ಅನುಮತಿ ಮತ್ತು ಆ ಅನುಮತಿಯ ಬಳಕೆಯಲ್ಲಿ ಸವೆದ ಒಂದು ವಸ್ತು. ಸವೆತವನ್ನು ಅಳಿಸಿದರೆ ಪರಂಪರೆಯೂ ಅಳಿಯುತ್ತದೆ.

ಹಾಗೆಂದು ಈ ನೆಲಕ್ಕೆ ಬಂದೂಕು ಹೊಸದೇನಲ್ಲ. ಚಿಕ್ಕನಾಯಕನಹಳ್ಳಿ ಹಾಗಲವಾಡಿಯ ಪಾಳೆಯಗಾರರ ಸೀಮೆ. ಉತ್ತರಕ್ಕೆ ಚಿತ್ರದುರ್ಗದ ನಾಯಕರು, ಪೂರ್ವಕ್ಕೆ ಸಿರಾ. ಮೊಗಲರ ಸಿರಾ ಸುಬೆಯ ಏಳು ಪರಗಣೆಗಳಲ್ಲಿ ಹುಳಿಯಾರಿನ ಆಸುಪಾಸಿನ ಬೂದಿಹಾಳೂ ಒಂದು. ಬಿಜಾಪುರ, ಮೊಗಲರು, ಮರಾಠರು, ಹೈದರ್ ಹೀಗೆ ಒಬ್ಬರ ಹಿಂದೊಬ್ಬರು ದಂಡು ತಂದ ದಾರಿ ಇದು. ದಂಡು ಬಂದ ಕಡೆ ಬತ್ತಿಯಿಂದ ಕಿಡಿ ಮುಟ್ಟಿಸುವ ಬಂದೂಕೂ ಬರುತ್ತಿತ್ತು. ಕಬ್ಬಿಣಕ್ಕೂ ಕೊರತೆಯಿರಲಿಲ್ಲ. 1800ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕನನ್ ಚಿಕ್ಕನಾಯಕನಹಳ್ಳಿ ಸುತ್ತಿನ ಗುಡ್ಡಗಳಲ್ಲಿ ಅದಿರು ತೆಗೆದು ಕಬ್ಬಿಣ ಕರಗಿಸುವ ಕೆಲಸವನ್ನು ಬರೆದಿಟ್ಟಿದ್ದಾನೆ. ಮೈಸೂರು ಸಂಸ್ಥಾನದ ಕಂದಾಚಾರದವರು ಊರಲ್ಲೇ ಇದ್ದು ಕಾವಲು, ಟಪಾಲು, ಪೊಲೀಸು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಆಯುಧಧಾರಿಗಳು. ಇಷ್ಟೆಲ್ಲ ಇದ್ದರೂ ಆ ಕಾಲದ ಬಂದೂಕು ಇಂದಿನ ಮನೆಗಳಲ್ಲಿ ಉಳಿದಿರುವುದು ಅಪರೂಪ. ಪಾಳೆಯಪಟ್ಟುಗಳು ಮುಗಿದವು, ಕಂದಾಚಾರ ಪೊಲೀಸ್ ಇಲಾಖೆಯಲ್ಲಿ ಕರಗಿತು. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಮರಳಿ ಒಪ್ಪಿಸಿದಾಗ, ತಮ್ಮ ಅಪ್ಪಣೆಯಿಲ್ಲದೆ ಆಯುಧ, ಮದ್ದುಗುಂಡು ತರಿಸಬಾರದು, ತಾವು ಹೇಳಿದಾಗ ಅವುಗಳ ತಯಾರಿಕೆಯನ್ನೂ ನಿಲ್ಲಿಸಬೇಕು ಎಂಬ ಷರತ್ತನ್ನು ಹಸ್ತಾಂತರದ ಪತ್ರದಲ್ಲೇ ಸೇರಿಸಿದರು. ದೊರೆಗೇ ಅಪ್ಪಣೆ ಬೇಕಾದ ಮೇಲೆ ಹುಳಿಯಾರಿನ ರೈತನ ಪಾಡು ಹೇಳಬೇಕಾಗಿಲ್ಲ.

ಕನ್ನಡ ನಾಡಿನ ಬೇರೆ ಎರಡು ಸೀಮೆಗಳ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಸೀಮೆಯ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಬ್ರಿಟಿಷರ ದಂಡು ಬಂದು ಊರನ್ನು ಸುಟ್ಟಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಆ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಜೆ.ಎಫ್. ಫ್ಲೀಟ್ ಕೂಡ ಅದೇ ಸರ್ಕಾರದ ಅಧಿಕಾರಿ ಎಂಬುದು ಇತಿಹಾಸದ ವಿಚಿತ್ರ. ಕೊಡಗಿನ ಕಥೆ ಇದಕ್ಕೆ ತದ್ವಿರುದ್ಧ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟ. ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಸಲ್ಲುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ತನಕ, ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿನ ಅಲಂಕಾರ. ಕೋವಿ ಅಲ್ಲಿ ಕುಲಾಚಾರದ ಭಾಗ. ಹಲಗಲಿಯಲ್ಲಿ ಅದು ಪ್ರಾಣ ಕೊಟ್ಟು ಉಳಿಸಿಕೊಳ್ಳಲು ಹೊರಟ ಹಕ್ಕು. ಹುಳಿಯಾರಿನಲ್ಲಿ ಎರಡೂ ಅಲ್ಲ. ಇಲ್ಲಿ ಅರ್ಜಿ ಹಾಕಿ, ಅಮಲ್ದಾರರ ವರದಿ ಆಗಿ, ಶುಲ್ಕ ಕಟ್ಟಿ, ಪ್ರತಿ ಅವಧಿಗೂ ಹೊಸ ಮೊಹರು ಬೀಳಿಸಿಕೊಂಡು ಇಟ್ಟುಕೊಂಡ ವಸ್ತು ಅದು. ಕೊಡಗಿನ ಹಬ್ಬದ ಚಿತ್ರ ನೋಡಿ ನಮ್ಮ ಮನೆಯ ಕೋವಿಗೂ ಅದೇ ವೀರಪರಂಪರೆ ಹೊಂದಿಸಲು ಹೊರಡುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಆ ಅನುಮತಿ ಯಾಕೆ ಸಿಗುತ್ತಿತ್ತು ಎಂಬುದಕ್ಕೆ ಕಾನೂನಿನ ಮಾತೇ ಸಾಕ್ಷಿ. 1878ರ ಕಾಯಿದೆಯ ಬದಲಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ 13ನೆಯ ಕಲಮು ಎರಡು ಬಗೆಯ ಕೋವಿಗಳನ್ನು ಹೆಸರಿಸುತ್ತದೆ: ರಕ್ಷಣೆಗೋ ಬೇಟೆಯ ಹವ್ಯಾಸಕ್ಕೋ ಇಪ್ಪತ್ತು ಅಂಗುಲಕ್ಕಿಂತ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ, ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ. ರಾಗಿ, ಕಡಲೇಕಾಯಿ ಹೊಲಕ್ಕೆ ನುಗ್ಗುವ, ಎಳೆಯ ತೆಂಗಿನ ಸಸಿಯ ಬುಡವನ್ನು ಮೂತಿಯಿಂದ ಬಗೆಯುವ ಕಾಡುಹಂದಿಗೆ ಹೆದರಿಕೆ ಹುಟ್ಟಿಸಲು ಎರಡನೆಯದು. ಮೊದಲನೆಯದು ಸಾಮಾನ್ಯವಾಗಿ ಪಟೇಲರ, ಜಮೀನುಳ್ಳವರ, ಕೊಬ್ಬರಿ ಮಂಡಿಯವರ ಮನೆಯಲ್ಲಿರುತ್ತಿತ್ತು. ತಿಪಟೂರಿನ ಮಾರುಕಟ್ಟೆಯಿಂದ ಹಣ ಹೊತ್ತು ಬರುವವನಿಗೆ ರಕ್ಷಣೆಯ ಕಾರಣ ತೋರಿಸುವುದು ಕಷ್ಟವಿರಲಿಲ್ಲ. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಅಧಿಕಾರ 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯಿದೆಯಿಂದ, 1963ರ ಫೆಬ್ರವರಿ 1ರಂದು, ಕೊನೆಗೊಂಡಿತು. ದಫ್ತರ ಚಾವಡಿಯಿಂದ ಹೊರಟುಹೋಯಿತು, ಮನೆಯಲ್ಲಿ ಕೋವಿ ಉಳಿಯಿತು. ಎಷ್ಟೋ ಪಟೇಲರ ಮನೆಗಳಲ್ಲಿ ಹಳೆಯ ಅಧಿಕಾರದ ಕಣ್ಣಿಗೆ ಕಾಣುವ ಕೊನೆಯ ಗುರುತು ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ನೆವವೂ ಕ್ರಮೇಣ ಹೋಯಿತು.

ಆದ್ದರಿಂದಲೇ ಈ ಸೀಮೆಯ ಕೋವಿಯ ಜಾತಕ ನಳಿಗೆಯ ಮೇಲಿರುವಷ್ಟೇ ಲೈಸೆನ್ಸು ಪುಸ್ತಕದಲ್ಲೂ ಇದೆ. ಹಳೆಯ ಪುಸ್ತಕವೊಂದನ್ನು ಬಿಡಿಸಿದರೆ ಮೊದಲ ಪುಟದಲ್ಲಿ ತಂದೆಯ ಹೆಸರು, ಊರು, ಹೋಬಳಿ, ಕೋವಿಯ ವರ್ಣನೆ, ನಂಬರು. ಮುಂದಿನ ಪುಟಗಳಲ್ಲಿ ಒಂದರ ಮೇಲೊಂದು ನವೀಕರಣದ ಮೊಹರುಗಳು, ಕೊಂಡ ತೋಟಾಗಳ ಲೆಕ್ಕ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಪಡೆದ ರಸೀದಿಗಳು ನಡುವೆ ಮಡಿಸಿಟ್ಟಿರುತ್ತವೆ. ಹತ್ತು ವರ್ಷದಲ್ಲಿ ಕೊಂಡ ತೋಟಾ ಎರಡೇ ಡಬ್ಬಿ ಎಂದಿದ್ದರೆ ಆ ಮನೆಯವರು ಹೇಳುವ ಬೇಟೆಯ ಕಥೆಗಳನ್ನು ಸ್ವಲ್ಪ ಇಳಿಸಿ ಕೇಳಬೇಕು. ಊರಿನ ಇತಿಹಾಸ ಬರೆಯುವವನಿಗೆ ಶಾಸನದಷ್ಟೇ ಉಪಯುಕ್ತವಾದ ಕಾಗದ ಇದು. ಆದರೆ ಕೋವಿ ಮಾಡಿಸಲು ಹೊರಡುವವರು ಮೊದಲು ಬಿಸಾಡುವುದು ಈ ಮುಗ್ಗಲು ಹಿಡಿದ ಪುಸ್ತಕವನ್ನೇ.

ಇನ್ನು ವಸ್ತುವಿನ ಕಡೆ ಬರೋಣ. ತೇಜಸ್ವಿಯವರನ್ನು ಓದಿದವರಿಗೆ ಕೇಪಿನ ಕೋವಿ, ತೋಟಾ ಕೋವಿಗಳ ವ್ಯತ್ಯಾಸ ಹೇಳಬೇಕಾಗಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಹಿಂದಿನ ಮೊನೆಗೆ ಕೇಪು ಕೂರಿಸಿ ಕುದುರೆ ಬೀಳಿಸುವುದು ಮೊದಲನೆಯದು. ಎರಡನೆಯದು ನಡುವೆ ಮುರಿದು ತೋಟಾ ತೂರಿಸುವ ಒಂಟಿ ಇಲ್ಲವೆ ಜೋಡಿ ನಳಿಗೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಹನ್ನೆರಡರ ಬೋರು ಎಂದರೆ, ಆ ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡಾದರೆ ಒಂದು ಪೌಂಡು ತೂಗುತ್ತವೆ ಎಂದರ್ಥ. ಹಳೆಯ ಜೋಡಿ ನಳಿಗೆಯ ಅಡಿಯಲ್ಲಿ ಕಣ್ಣಿಟ್ಟು ನೋಡಿದರೆ ಪುಟ್ಟ ಪುಟ್ಟ ಅಚ್ಚುಗಳಿರುತ್ತವೆ. ಕಿರೀಟದ ಕೆಳಗೆ ಅಕ್ಷರವಿದ್ದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಶಾಲೆಯದ್ದಿರಬಹುದು. ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರವಿದ್ದರೆ ಬೆಲ್ಜಿಯಮ್ಮಿನ ಲಿಯೆಜ್ ಊರಿನದು. ‘ನಾಟ್ ಫಾರ್ ಬಾಲ್’ ಎಂದು ಕೊರೆದಿದ್ದರೆ ಆ ಕೋವಿ 1875ರಿಂದ 1887ರ ನಡುವೆ ಇಂಗ್ಲೆಂಡಿನಲ್ಲಿ ಪರೀಕ್ಷೆಯಾದದ್ದು, ಬಾಯಿ ಕಿರಿದಾದ ಅದರಲ್ಲಿ ಒಂಟಿ ಗುಂಡು ಹಾಕಬಾರದು ಎಂದು ಅರ್ಥ. ಇಷ್ಟು ವಿದೇಶಿ ಚರಿತ್ರೆ ಕೆಳಗಿದ್ದರೆ ಮೇಲೆ ನಮ್ಮೂರಿನದು: ಸೀಳು ಬಿಟ್ಟ ಹಿಡಿಗೆ ಸುತ್ತಿದ ಹಿತ್ತಾಳೆ ತಂತಿ, ಕಮ್ಮಾರ ಬಡಿದು ಕೂರಿಸಿದ ಕಬ್ಬಿಣದ ಪಟ್ಟಿ, ಮುರಿದ ವಾಲ್ನಟ್ ಮರಕ್ಕೆ ಬಡಗಿ ಬೆಸೆದ ತೇಗದ ತುಂಡು, ವರ್ಷ ವರ್ಷ ಇಟ್ಟ ಕುಂಕುಮದಿಂದ ಕಪ್ಪಿಟ್ಟ ಒಂದು ಕಲೆ. ಲಿಯೆಜ್‌ನಲ್ಲಿ ಇಂಥ ಸಾವಿರಾರು ಕೋವಿಗಳು ತಯಾರಾದವು. ಹಿತ್ತಾಳೆ ತಂತಿ ಸುತ್ತಿದ್ದು ಇದೊಂದಕ್ಕೇ. ಮಾಡಿಸುವವರು ಮೊದಲು ಬಿಚ್ಚಿಸುವುದು ಆ ತಂತಿಯನ್ನು.

ಪಾಲಿಶ್ ಚಕ್ರಕ್ಕೆ ಕೊಡುವುದು ಇನ್ನೂ ದೊಡ್ಡ ತಪ್ಪು. ಹತ್ತೊಂಬತ್ತನೆಯ ಶತಮಾನದ ಅನೇಕ ನಳಿಗೆಗಳು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಒಂದಾಗಿಸಿದವು. ಅವುಗಳ ಮೈಮೇಲೆ ಕಾಣುವ ಅಲೆಅಲೆಯ ಕಂದು ಚಿತ್ತಾರ ಹದವಾಗಿ ಬರಿಸಿದ ತುಕ್ಕು. ಉಜ್ಜುಕಾಗದ ಹಾಕಿ ತಿಕ್ಕಿದರೆ ತುಕ್ಕಿನ ಜೊತೆ ಚಿತ್ತಾರವೂ ಹೋಗಿ ಬೋಳು ಕೊಳವೆ ಉಳಿಯುತ್ತದೆ. ಅಚ್ಚು, ನಂಬರುಗಳು ಮಾಸಿದರೆ ಬರೀ ಚೆಂದದ ನಷ್ಟವೂ ಅಲ್ಲ: ಕೋವಿಯ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು, ಬದಲಿಸುವುದು ಕಾಯಿದೆಯ 8ನೆಯ ಕಲಮಿನ ಪ್ರಕಾರ ಅಪರಾಧ. ದುರಸ್ತಿಯನ್ನು ವೃತ್ತಿಯಾಗಿ ಮಾಡಲು 5ನೆಯ ಕಲಮಿನಡಿ ಪ್ರತ್ಯೇಕ ಲೈಸೆನ್ಸು ಬೇಕು. ಊರಿನ ವೆಲ್ಡಿಂಗ್ ಶಾಪಿಗೆ ಒಯ್ಯುವಂತಿಲ್ಲ. 45ನೆಯ ಕಲಮಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬಳಕೆ ತಪ್ಪಿದ, ಪ್ರಾಚೀನ ಮೌಲ್ಯದ, ಕೆಟ್ಟುಹೋದ ಆಯುಧ ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದ್ದಾದರೆ ಅದು ಕಾಯಿದೆಯ ಹೊರಗೆ. 2020ರ ನಿಯಮ ತಿದ್ದುಪಡಿಯೂ ಇದೇ ದಾರಿಯದ್ದು: ಕ್ಯೂರಿಯೊ ವರ್ಗದ ಕೋವಿಯನ್ನು ಭಾರತೀಯ ಪ್ರಜೆ ಇಟ್ಟುಕೊಳ್ಳಲು ಲೈಸೆನ್ಸು ಬೇಡ, ಬಳಸಲು ಅಥವಾ ಒಯ್ಯಲು ಬೇಕು. ತಮ್ಮ ಕೋವಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಮನೆಯವರೇ ತೀರ್ಮಾನಿಸಿಕೊಳ್ಳುವಂತಿಲ್ಲ, ಅದು ಅಧಿಕಾರಿಯ ಕೆಲಸ. ಆದರೂ ಕಾನೂನಿನ ಒಲವು ಗೊತ್ತಾಗುತ್ತದೆ. ನೆನಪಿಗಾಗಿ ಇಟ್ಟ ವಸ್ತುವನ್ನು ಅದು ಸಹಿಸುತ್ತದೆ, ಅದಕ್ಕೆ ಮತ್ತೆ ಜೀವ ಕೊಡಹೊರಟವನನ್ನು ತಡೆದು ಕೇಳುತ್ತದೆ.

ಇದಕ್ಕೆ ಮೊದಲ ಆಕ್ಷೇಪ ನಿರೀಕ್ಷಿತವೇ. ಹಾರದ ಕೋವಿ ಎಂಥ ಕೋವಿ, ಹರಿತವಿಲ್ಲದ ಮಚ್ಚನ್ನು ಪೂಜಿಸಿದಂತೆ ಆಗುವುದಿಲ್ಲವೆ ಎಂದು ಕೇಳುತ್ತಾರೆ. ಕೊಡಗಿನ ಮಟ್ಟಿಗೆ ಈ ಆಕ್ಷೇಪ ನಿಲ್ಲುತ್ತದೆ. ಹುಟ್ಟು ಸಾವುಗಳಿಗೆ ಗುಂಡು ಹಾರಿಸಲೇಬೇಕಾದ ಆಚಾರ ಇರುವಲ್ಲಿ ಕೋವಿ ಕೆಲಸ ಮಾಡುವಂತಿರಬೇಕು. ನಮ್ಮಲ್ಲಿ ಅಂಥ ಆಚಾರವಿಲ್ಲ. ನಮ್ಮಲ್ಲಿ ಕೋವಿ ಮಾಡಿದ ಹೆಚ್ಚಿನ ಕೆಲಸ ಹಾರದೆಯೇ ನಡೆದದ್ದು: ಆ ಮನೆಯಲ್ಲಿ ಕೋವಿ ಇದೆಯೆಂದು ಊರಿಗೆ ಗೊತ್ತಿದ್ದರೆ ಸಾಕಿತ್ತು. ಇದರ ಜೊತೆಗೆ ಪ್ರಾಣದ ಪ್ರಶ್ನೆಯೂ ಇದೆ. ಆ ಸುರುಳಿ ನಳಿಗೆಗಳು ಕರಿಮದ್ದಿನ ಕಾಲದವು. ಹೊಗೆರಹಿತ ಮದ್ದಿಗೆ ಪ್ರತ್ಯೇಕ ಪರೀಕ್ಷೆಯ ಗುರುತು ಇಂಗ್ಲೆಂಡಿನಲ್ಲೇ ಶುರುವಾದದ್ದು 1896ರಲ್ಲಿ. ಬೆಸುಗೆಯ ಸಂದುಗಳಲ್ಲಿ ಒಳಗೊಳಗೇ ತುಕ್ಕು ತಿಂದಿರುವುದು ಹೊರಗಿನ ಹೊಳಪಿಗೆ ಕಾಣುವುದಿಲ್ಲ. ಅಂಥದ್ದಕ್ಕೆ ಇಂದಿನ ತೋಟಾ ಹಾಕಿದರೆ ನಳಿಗೆ ಒಡೆದು ಎಡಗೈಯನ್ನು ಕೊಂಡೊಯ್ಯಬಹುದು.

ಎರಡನೆಯ ಆಕ್ಷೇಪ ಇನ್ನಷ್ಟು ಯೋಚಿಸುವಂಥದ್ದು: ಸವೆತವನ್ನು ಉಳಿಸಿ ಎನ್ನುವುದು ಸೋಮಾರಿಗಳಿಗೆ ಒಳ್ಳೆಯ ನೆಪ, ನಾಲ್ಕು ಮಳೆಗಾಲ ಕಳೆದರೆ ಉಳಿಯುವುದು ತುಕ್ಕಿನ ಪುಡಿ. ನಿಜ. ಆದರೆ ತುಕ್ಕನ್ನು ನಿಲ್ಲಿಸುವುದು ಬೇರೆ, ಕಿತ್ತುಹಾಕುವುದು ಬೇರೆ. ಎಲ್ಲಕ್ಕೂ ಮೊದಲು ಲೈಸೆನ್ಸುದಾರ ಕೋವಿ ರಿಪೇರಿಯವರಿಂದ ನಳಿಗೆ ಖಾಲಿಯಿದೆಯೇ ಎಂದು ನೋಡಿಸಬೇಕು. ಕೇಪಿನ ಕೋವಿಗಳನ್ನು ಮದ್ದು ತುಂಬಿದಂತೆಯೇ ಮೂಲೆಗಿಟ್ಟು ಮರೆತಿರುವುದುಂಟು, ಒಣಗಿದ ಕರಿಮದ್ದು ತಲೆಮಾರು ಕಳೆದರೂ ಸಾಯುವುದಿಲ್ಲ. ಬಾಯಿಂದ ಇಳಿಸಿದ ಕೋಲು ಹೊರಗಿನ ಅಳತೆಗಿಂತ ಮೂರು ನಾಲ್ಕು ಅಂಗುಲ ಮೊದಲೇ ನಿಂತರೆ ಒಳಗೇನೋ ಇದೆ. ಆಮೇಲೆ ಎಣ್ಣೆಯ ಮಾತು. ತೆಂಗಿನ ಸೀಮೆಯಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಎಂಬುದು ರೂಢಿ. ಅದು ಚಳಿಯಲ್ಲಿ ಗಟ್ಟಿಯಾಗಿ ಧೂಳು ಹಿಡಿಯುತ್ತದೆ, ಹಳಸಿದರೆ ಅದರ ಹುಳಿ ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ. ಹೊಲಿಗೆ ಮೆಷಿನ್ನಿನ ತೆಳು ಖನಿಜ ಎಣ್ಣೆಯನ್ನು ಬಟ್ಟೆಗೆ ತೊಟ್ಟಿಕ್ಕಿಸಿ ಒರೆಸಿದರೆ ಕಬ್ಬಿಣಕ್ಕೆ ಅಷ್ಟೇ ಸಾಕು. ಹಲಗೆಯ ಗೂಡಾಗಲಿ ಚರ್ಮದ ಚೀಲವಾಗಲಿ ತೇವ ಹಿಡಿಯುತ್ತವೆ, ಗಾಳಿಯಾಡುವ ಬೀಗದ ಬೀರುವೇ ಮೇಲು. ಆಯುಧಪೂಜೆಯಲ್ಲಿ ನಿಂಬೆಹಣ್ಣು ಕೊಯ್ದು ನಳಿಗೆಗೆ ಒತ್ತುವುದನ್ನಂತೂ ಬಿಡಬೇಕು, ಒಂದು ರಾತ್ರಿಯ ಹುಳಿ ಉಕ್ಕಿನಲ್ಲಿ ಅಳಿಯದ ಕಲೆ ಮಾಡುತ್ತದೆ. ಅರಿಸಿನ ಕುಂಕುಮವನ್ನು ಕಟ್ಟಿದ ದಾರಕ್ಕೆ ಹಚ್ಚಿದರೂ ಪೂಜೆ ಪೂಜೆಯೇ. ಹಳೆಯ ಕುಂಕುಮದ ಕಲೆಯನ್ನು ಮಾತ್ರ ಕೆರೆಯಬಾರದು.

ಮೂರನೆಯ ಆಕ್ಷೇಪಕ್ಕೆ ಸುಲಭದ ಉತ್ತರವಿಲ್ಲ. ಕೋವಿ ಊರಿನಲ್ಲಿ ಯಾರ ಮನೆಯಲ್ಲಿತ್ತು? ಪಟೇಲರ, ಸಾಹುಕಾರರ ಮನೆಯಲ್ಲಿ. ಅದನ್ನು ಕಂಡು ಹೆದರಿದವರು ಕಾಡುಹಂದಿಗಳು ಮಾತ್ರವಲ್ಲ, ತೋಟದ ಆಳುಗಳು, ಸಾಲ ತೀರಿಸಲಾಗದವರು, ಬಿದ್ದ ಕಾಯಿ ಆಯ್ದುಕೊಂಡವರು. ಇಂಥ ವಸ್ತುವಿಗೆ ಭಾವನಾತ್ಮಕ ಮೌಲ್ಯ ಎಂಬ ಸಿಹಿಮಾತು ಯಾಕೆ, ಠಾಣೆಗೊಪ್ಪಿಸಿ ಕರಗಿಸಿಬಿಡಲಿ ಎನ್ನುವವರ ಮಾತಿನಲ್ಲಿ ತೂಕವಿದೆ. ಬೆಳೆ ಕಾಯುವ ಕೇಪಿನ ಕೋವಿ ಹಿಡಿದ ಬಡ ರೈತನೂ ಇದ್ದ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಜೋಡಿ ನಳಿಗೆಗೆ ಆ ಸಮರ್ಥನೆ ಒಪ್ಪುವುದಿಲ್ಲ. ಕರಗಿಸಿದರೆ ಆ ಹೆದರಿಕೆಯ ಸಾಕ್ಷಿಯೂ ಕರಗುತ್ತದೆ ಎಂಬುದಷ್ಟೇ ನನ್ನ ತಕರಾರು. ವಾರ್ನಿಷ್ ಹಚ್ಚಿ ಹಜಾರದ ಗೋಡೆಗೆ ನೇತುಹಾಕಿದ ಕೋವಿ ಶೌರ್ಯದ ಸುಳ್ಳು ಕಥೆ ಹೇಳುತ್ತದೆ. ತಂತಿ ಸುತ್ತಿದ ಹಿಡಿ, ಲೈಸೆನ್ಸು ಪುಸ್ತಕ, ಅದರ ಕಾರಣದ ಕಾಲಮ್ಮಿನಲ್ಲಿ ಬರೆದ ನಾಲ್ಕು ಪದ ಒಟ್ಟಿಗಿದ್ದರೆ ಆ ಊರಿನಲ್ಲಿ ಯಾರಿಗೆ ಏನನ್ನು ಕಾಯಲು ಅನುಮತಿಯಿತ್ತು ಎಂಬುದು ಮೊಮ್ಮಕ್ಕಳಿಗೆ ತಿಳಿಯುತ್ತದೆ. ಅದು ಅವರಿಗೆ ಹಿತವಾಗದಿದ್ದರೂ ಚಿಂತೆಯಿಲ್ಲ.

ಈಗ ಅಟ್ಟದ ಮೇಲೆ, ಬೀರುವಿನಲ್ಲಿ, ಠಾಣೆಯಲ್ಲಿ ಕೋವಿ ಇರುವ ಮನೆಯವರಿಗೆ ಕೆಲವು ಮಾತು. ಲೈಸೆನ್ಸುದಾರರು ತೀರಿಕೊಂಡಿದ್ದರೆ ತಡಮಾಡದೆ ಕೋವಿಯನ್ನು ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಿರಿ, ಆಮೇಲೆ ವಾರಸುದಾರನ ಹೆಸರಿಗೆ ಅರ್ಜಿ ಹಾಕಿ. ಹಿರಿಯರು ಬದುಕಿದ್ದರೆ 2016ರ ನಿಯಮಗಳ ಪ್ರಕಾರ ಅವರಿಗೆ ಎಪ್ಪತ್ತು ತುಂಬಿದ ಮೇಲೆ, ಅಥವಾ ಕೋವಿ ಅವರ ಬಳಿ ಇಪ್ಪತ್ತೈದು ವರ್ಷ ಇದ್ದ ಮೇಲೆ, ಅವರೇ ವಾರಸುದಾರನನ್ನು ಸೂಚಿಸಬಹುದು. 2019ರ ತಿದ್ದುಪಡಿಯಿಂದ ಒಬ್ಬರ ಬಳಿ ಎರಡೇ ಕೋವಿ, ಪಿತ್ರಾರ್ಜಿತವೂ ಆ ಲೆಕ್ಕದೊಳಗೇ. ಹೊಸ ಲೈಸೆನ್ಸು ಬಂದಾಗ ಹಳೆಯ ಪುಸ್ತಕವನ್ನು ಕಚೇರಿ ವಾಪಸು ಪಡೆಯುವ ಮುನ್ನ ಪುಟ ಪುಟವನ್ನೂ ನಕಲು ಮಾಡಿಸಿ. ತಾತ ಆ ಕೋವಿಯನ್ನು ಎಲ್ಲಿ ಕೊಂಡರು, ಯಾಕೆ ಕೊಂಡರು, ಹಿಡಿ ಯಾವಾಗ ಮುರಿಯಿತು, ತಂತಿ ಸುತ್ತಿದವರು ಯಾರು ಎಂಬುದನ್ನು ಮನೆಯ ಅಜ್ಜಿಯನ್ನು ಕೇಳಿ ಬರೆದಿಡಿ. ಪಾಲಿಶ್‌ಗೆ ಕೊಡುವ ದುಡ್ಡನ್ನು ಆ ಕೆಲಸಕ್ಕೆ ಖರ್ಚು ಮಾಡಿ.